ನಾಲ್ಕು ಗಂಟೆಯ ಪಾಳಿ

ಅಪ್ಪ ಬಿದ್ದದ್ದು ನನ್ನ ಬಸ್ಸಿನಿಂದ.

ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಕೊನೆಯವರೆಗೂ ಬರೆಯುವುದಿಲ್ಲ, ನನ್ನ ಬುದ್ಧಿ ನನಗೆ ಗೊತ್ತು. ಆಸ್ಪತ್ರೆಯ ಕೇಸ್ ಶೀಟಿನಲ್ಲಿ ‘ಬಸ್ ನಿಲ್ದಾಣದಲ್ಲಿ ಕಾಲು ಜಾರಿ ಬಿದ್ದರು’ ಎಂದಿದೆ. ಹಾಗೆ ಬರೆಸಿದವಳೂ ನಾನೇ.

ಮದ್ದೂರು–ಮಳವಳ್ಳಿ ರೂಟಿನಲ್ಲಿ ನಾನು ಕಂಡಕ್ಟರ್. ಅವತ್ತು ಬೆಳಗಿನ ಟ್ರಿಪ್. ಅಪ್ಪ ಹತ್ತಿ ಮುಂದಿನ ಸೀಟಿನಲ್ಲಿ ಕೂತದ್ದನ್ನು ಕಣ್ಣಾರೆ ನೋಡಿದ್ದೆ. ತಲೆ ಎಣಿಸಿಯೂ ಆಗಿತ್ತು. ಹಿಂದೆ ನಿಂತಿದ್ದ ಇನ್ನೊಂದು ಬಸ್ಸು ಹಾರನ್ ಮೇಲೆ ಹಾರನ್ ಹೊಡೆಯುತ್ತಿತ್ತು. ‘ರೈಟ್’ ಅಂದೆ. ಅಷ್ಟರಲ್ಲಿ ಅಪ್ಪ ಮತ್ತೆ ಕೆಳಗಿಳಿದಿದ್ದ. ಕಲ್ಲುಬೆಂಚಿನ ಮೇಲೆ ಒಂದು ಕವರ್ ಮರೆತು ಬಂದಿದ್ದನಂತೆ. ಬಸ್ಸು ಹೊರಟದ್ದನ್ನು ಕಂಡು ಓಡಿ ಬಂದು ಬಾಗಿಲ ಕಂಬಿ ಹಿಡಿದ. ಒಂದು ಕಾಲು ಮೆಟ್ಟಿಲ ಮೇಲಿತ್ತು, ಇನ್ನೊಂದು ನೆಲದ ಮೇಲೆ.

ಎಪ್ಪತ್ತಾರು ವರ್ಷದ ಸೊಂಟ. ಮುರಿದ ಸದ್ದು ನನಗೆ ಕೇಳಿಸಿತು.

ಕವರಿನಲ್ಲಿ ಇದ್ದದ್ದು ಒಂದು ಬಿಳಿ ಶರ್ಟು. ಅದರ ಕಥೆ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ.

ಅಪ್ಪ ನೌಕಾಪಡೆಯಲ್ಲಿದ್ದವನು. ನಾಲೆಯಲ್ಲಿ ಈಜು ಕಲಿತು ಸಮುದ್ರಕ್ಕೆ ಹೋದ ಬೋರೇಗೌಡ ಎಂದರೆ ನಮ್ಮ ಕಡೆ ಹಳಬರಿಗೆಲ್ಲ ಗೊತ್ತು. ಪಡೆಗೆ ಸೇರಿ ಎರಡು ವರ್ಷಕ್ಕೇ ಯುದ್ಧ ಬಂತು. ಅಪ್ಪನ ಹಡಗು ಮುಳುಗಿತು. ನೀರಿನಲ್ಲಿ ತೇಲುತ್ತಿದ್ದವರನ್ನು ನಮ್ಮದೇ ಪಡೆಯ ಇನ್ನೊಂದು ಹಡಗಿನವರು ಬಂದು ಎತ್ತಿದರು. ಎರಡು ಹಡಗುಗಳ ಹೆಸರನ್ನೂ ಅಪ್ಪ ಮನೆಯಲ್ಲಿ ಯಾವತ್ತೂ ಹೇಳಿದವನಲ್ಲ. ಹೇಳುತ್ತಿದ್ದದ್ದು ಒಂದೇ ಕಥೆ, ಅದೂ ನಗುತ್ತಾ. ಮೈಯೆಲ್ಲ ಎಣ್ಣೆ ಮೆತ್ತಿ ಮುಖ ಯಾರದೆಂದು ಗೊತ್ತಾಗುವ ಹಾಗಿರಲಿಲ್ಲ. ಹಡಗಿನ ಮೇಲಿಂದ ಯಾರೋ ಕತ್ತಿನ ಪಟ್ಟಿ ಹಿಡಿದು ಎಳೆಯುವಾಗ ಅಪ್ಪ ‘ಅವ್ವೋ, ನನ್ ಕಾಲು ಕಣವ್ವೋ’ ಎಂದು ಕಿರುಚಿದನಂತೆ. ಎಳೆಯುತ್ತಿದ್ದವನು ಅಲ್ಲೇ ನಿಂತುಬಿಟ್ಟ.

‘ಯಾವೂರ್ಲಾ ನಿಂದು?’

‘ಮದ್ದೂರ್ ತಾವು.’

‘ನಂದು ಮಳವಳ್ಳಿ ಕಣ್ಲಾ.’

ಆ ಮಳವಳ್ಳಿಯವನು ಮರಿಸ್ವಾಮಿ. ಅಪ್ಪನಿಗಿಂತ ಎರಡು ವರ್ಷಕ್ಕೆ ದೊಡ್ಡವನು, ನಮಗೆಲ್ಲ ಮಳವಳ್ಳಿ ದೊಡ್ಡಪ್ಪ. ಅವತ್ತು ತನ್ನ ಮೈಮೇಲಿದ್ದ ಒಣಶರ್ಟು ಬಿಚ್ಚಿ ಅಪ್ಪನಿಗೆ ತೊಡಿಸಿದ. ಅವತ್ತಿನಿಂದ ಪ್ರತಿ ವರ್ಷ ಅದೇ ತಾರೀಖಿಗೆ ಅಪ್ಪ ಒಂದು ಹೊಸ ಬಿಳಿ ಶರ್ಟು ಹಿಡಿದು ಮಳವಳ್ಳಿಗೆ ಹೋಗುತ್ತಾನೆ. ಇಬ್ಬರೂ ಜೊತೆಯಲ್ಲಿ ಊಟ ಮಾಡುತ್ತಾರೆ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ, ಸಂಜೆಯ ಬಸ್ಸಿಗೆ ಅಪ್ಪ ವಾಪಸ್ಸು. ನಾನು ಕೆಲಸಕ್ಕೆ ಸೇರಿದ ಮೇಲೆ ನನ್ನ ಬಸ್ಸಿನಲ್ಲೇ. ಈ ವರ್ಷ ಆ ಶರ್ಟು ಡ್ರೈವರ್ ಸೀಟಿನ ಹಿಂದಿನ ಪೆಟ್ಟಿಗೆಯಲ್ಲಿ ಉಳಿಯಿತು.

ಆಪರೇಷನ್ ಮಂಡ್ಯದಲ್ಲಿ ಆಯಿತು. ಸೊಂಟದ ಕೀಲಿನ ಮುರಿದ ಗುಂಡುಮೂಳೆ ತೆಗೆದು ಲೋಹದ್ದು ಕೂರಿಸಿದರು. ಚೆನ್ನಾಗಿ ಆಯಿತು ಎಂದರು. ಎರಡು ದಿನ ಅಪ್ಪ ಅಪ್ಪನ ಹಾಗೇ ಇದ್ದ. ಸಾರಿಗೆ ಉಪ್ಪಿಲ್ಲ, ಮುದ್ದೆ ಇಲ್ಲ, ಇದೆಂಥ ಆಸ್ಪತ್ರೆ ಎಂದು ನರ್ಸ್‌ಗಳನ್ನು ಗೋಳು ಹುಯ್ದುಕೊಂಡ. ತಮ್ಮ ಯೋಗೇಶ ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದು ನೋಡಿ, ‘ಅಪ್ಪಂಗೇನಾಗಿಲ್ಲ ಬುಡಕ್ಕ’ ಎಂದು ಹೋದ.

ಮೂರನೆಯ ದಿನ ಸಂಜೆ ನಾಲ್ಕಕ್ಕೆ ಅಪ್ಪನ ಕಣ್ಣು ಬದಲಾಯಿತು.

‘ಬದ್ಲಿ ಬಂದ್ನಾ?’

‘ಯಾರಪ್ಪ?’

‘ಬದ್ಲಿಯವ್ನು. ನಾಲ್ಕಾಯ್ತು.’

ನರ್ಸ್‌ಗಳ ಡ್ಯೂಟಿ ಬದಲಾವಣೆ ಕೇಳುತ್ತಿದ್ದಾನೆ ಅಂದುಕೊಂಡು ನಕ್ಕೆ. ಫ್ಲಾಸ್ಕ್ ತೊಳೆಯಲು ಹೋಗಿ ಬರುವಷ್ಟರಲ್ಲಿ ಮಂಚದಿಂದ ಕಾಲು ಇಳಿಬಿಟ್ಟಿದ್ದ. ಡ್ರಿಪ್ ಕಿತ್ತು ಬಂದಿತ್ತು. ಮೂತ್ರದ ಕ್ಯಾತಿಟರ್ ನಳಿಕೆಯನ್ನೂ ಎಳೆದುಕೊಂಡಿದ್ದ. ಹಾಸಿಗೆಯ ಮೇಲೆ ರಕ್ತ. ಅಪ್ಪನಿಗೆ ಯಾವುದರ ಪರಿವೆಯೂ ಇಲ್ಲ, ಕಿಟಕಿಯ ಆಚೆ ಏನನ್ನೋ ಹುಡುಕುತ್ತಿದ್ದ.

ಡಾಕ್ಟರ್ ನನಗಿಂತ ಚಿಕ್ಕ ಹೆಣ್ಣುಮಗಳು, ಮಾತು ಮೆತ್ತಗೆ. ‘ಡೆಲಿರಿಯಂ ಅಂತಾರೆ. ವಯಸ್ಸಾದವರಿಗೆ ಇಂಥ ಆಪರೇಷನ್ ಆದ್ಮೇಲೆ ಬರೋದುಂಟು. ಸೋಡಿಯಂ ಕೂಡ ಕಡಿಮೆಯಾಗಿದೆ. ಸರಿಹೋಗುತ್ತೆ, ಆದ್ರೆ ಯಾವಾಗ ಅಂತ ಹೇಳಕ್ಕಾಗಲ್ಲ. ಮನೆಯವರು ಪಕ್ಕದಲ್ಲಿದ್ದು ಧೈರ್ಯ ಹೇಳ್ತಾ ಇರಿ.’

ಧೈರ್ಯ ಹೇಳಿದೆ. ನನ್ನಷ್ಟು ಧೈರ್ಯ ಹೇಳಿದವರು ಆ ವಾರ್ಡಿನಲ್ಲಿ ಇನ್ನೊಬ್ಬರಿರಲಿಲ್ಲ. ಮಾರನೆಯ ದಿನ ನಾಲ್ಕಕ್ಕೆ ಅಪ್ಪ ಮತ್ತೆ ಬದಲಿಯವನನ್ನು ಕೇಳಿದಾಗ ಕೈ ಹಿಡಿದು, ‘ನಾನಿದೀನಲ್ಲಪ್ಪ. ನಾನು ನೋಡ್ಕೋತೀನಿ, ನೀನು ಮಲ್ಕೊ’ ಅಂದೆ. ಅಪ್ಪ ನನ್ನ ಕೈ ಕೊಡವಿದ. ಮುಖದಲ್ಲಿ ಅಂಥ ಭಯವನ್ನು ನಾನು ಹಿಂದೆ ಕಂಡಿರಲಿಲ್ಲ.

‘ನೀ ಬ್ಯಾಡ. ಓಗು ಇಲ್ಲಿಂದ. ನೀ ನೋಡ್ಕೊಳದು ಬ್ಯಾಡ.’

ಅಲ್ಲಿಗೆ ನನಗೆ ತಿಳಿಯಿತು ಅಂದುಕೊಂಡೆ. ಅಪ್ಪನಿಗೆ ನೆನಪಿದೆ. ಬುದ್ಧಿ ಎಲ್ಲಿ ಅಲೆಯುತ್ತಿದ್ದರೂ ‘ರೈಟ್’ ಅಂದ ದನಿ ಮಾತ್ರ ನೆನಪಿದೆ. ನೋಡಿಕೊಳ್ಳುತ್ತೇನೆ ಎನ್ನುವ ಯೋಗ್ಯತೆ ಇವಳಿಗೆಲ್ಲಿದೆ ಎನ್ನುತ್ತಿದ್ದಾನೆ. ಸ್ಟೆಪ್ಸ್ ಹತ್ತಿರ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ. ಆಮೇಲೆ ಮುಖ ತೊಳೆದು ಬಂದು ಮತ್ತೆ ಅದೇ ಮಾತು ಹೇಳಿದೆ, ಮತ್ತೆ ಅದೇ ಉತ್ತರ ಬಂತು. ದಿನಾ ಹೇಳಿದೆ. ಹೇಳಿದಷ್ಟೂ ಕೆರಳಿದ.

ದೊಡ್ಡಪ್ಪ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದ.

‘ಬತ್ತೀನಿ ಕಣವ್ವ, ಒಂದ್ಸಲ ನೋಡ್ಕಂಡ್ ಓಯ್ತೀನಿ.’

‘ಈಗ ಬ್ಯಾಡ ದೊಡ್ಡಪ್ಪ. ಹಡಗು ಗಿಡಗು ನೆನಪಾದ್ರೆ ಇನ್ನೂ ಜಾಸ್ತಿ ಆಯ್ತದೆ. ಡಾಕ್ಟ್ರು ಬ್ಯಾಡ ಅಂದವ್ರೆ.’

ಡಾಕ್ಟರ್ ಹಾಗೇನೂ ಅಂದಿರಲಿಲ್ಲ. ದೊಡ್ಡಪ್ಪ ಬಂದರೆ ‘ಹೆಂಗವ್ವಾ ಬಿದ್ದ?’ ಎಂದು ಕೇಳುತ್ತಾನೆ, ಅಷ್ಟೇ ನನ್ನ ಹೆದರಿಕೆ. ಸಮುದ್ರದಿಂದ ಎತ್ತಿ ಉಳಿಸಿಕೊಟ್ಟವನ ಎದುರು ನಿಂತು, ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಕೆಡವಿದೆ ಎಂದು ಹೇಳುವುದು ಹೇಗೆ? ಆರನೆಯ ದಿನದಿಂದ ಅವನ ಫೋನ್ ಎತ್ತುವುದನ್ನೇ ಬಿಟ್ಟೆ.

ಎಂಟನೆಯ ದಿನ ಒಂದು ಫಾರ್ಮ್ ತಂದು ಸಹಿ ಮಾಡಿಸಿಕೊಂಡರು. ಸಹಿ ಮಾಡಿ ಟೀ ಕುಡಿದು ಬಂದೆ.

ಅಪ್ಪನ ಎರಡು ಕೈಯನ್ನೂ ಮಂಚದ ಕಂಬಿಗೆ ಕಟ್ಟಿದ್ದರು.

ಮೆತ್ತನೆಯ ಬ್ಯಾಂಡೇಜು, ನೋವಾಗದ ಹಾಗೆ ಕಟ್ಟಿದ್ದರು, ಅವರ ತಪ್ಪೇನಿಲ್ಲ. ಹಿಂದಿನ ದಿನ ಮತ್ತೆ ಬೀಳುವುದರಲ್ಲಿದ್ದ. ಆದರೂ ಆ ಗಂಟು ನೋಡಿದ ಮೇಲೆ ನನಗೆ ಒಂದು ಕಡೆ ಕೂರಲು ಆಗಲಿಲ್ಲ. ವಾರ್ಡಿನ ಈ ಕೊನೆಯಿಂದ ಆ ಕೊನೆಗೆ ನಡೆಯುತ್ತಿದ್ದೆ. ಬಸ್ಸಿನಲ್ಲಿ ಇಡೀ ದಿನ ನಿಂತು ಅಭ್ಯಾಸವಾದ ಕಾಲು. ಮಂಚಗಳನ್ನು ಎಣಿಸುತ್ತಿದ್ದೆ, ಎಣಿಸಿ ಮುಗಿದರೆ ಮತ್ತೆ ಮೊದಲಿನಿಂದ. ಪಕ್ಕದ ಮಂಚದ ಅಜ್ಜಿ, ‘ಕೂತ್ಕೊ ಕಣಮ್ಮ, ನಿನ್ನ ನೋಡಿ ನಂಗೆ ತಲೆ ಸುತ್ತತದೆ’ ಎಂದು ಬೈದಳು.

ಹತ್ತನೆಯ ದಿನ ಡಾಕ್ಟರ್ ನನ್ನನ್ನು ಹೊರಗೆ ಕರೆದು ಹೇಳಿದರು. ‘ಫಿಸಿಯೋದವರು ನಾಲ್ಕು ಸಲ ಪ್ರಯತ್ನಪಟ್ಟರು, ಇವರು ನಿಲ್ಲೋಕೆ ಒಪ್ತಿಲ್ಲ. ಊಟವೂ ಇಲ್ಲ, ನಿದ್ದೆಯೂ ಇಲ್ಲ. ಎದೆಯಲ್ಲಿ ಕಫ ಕಟ್ಟೋಕೆ ಶುರುವಾಗಿದೆ. ಇನ್ನು ಎರಡು ಮೂರು ದಿನದಲ್ಲಿ ಎದ್ದು ನಿಲ್ಲಿಸಲೇಬೇಕು. ಇಲ್ಲದಿದ್ರೆ ಆಮೇಲೆ ನಿಲ್ಲೋದು ಕಷ್ಟ.’

ಕಷ್ಟ ಎಂಬ ಮಾತಿನ ಅರ್ಥವನ್ನು ನಾನು ಬಿಡಿಸಿ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಮೂರೂವರೆಗೆ ವಾರ್ಡಿನ ಬಾಗಿಲಲ್ಲಿ ದೊಡ್ಡಪ್ಪ ನಿಂತಿದ್ದ. ಹೋದ ವರ್ಷದ ಬಿಳಿ ಶರ್ಟು, ಇಸ್ತ್ರಿ ಮಾಡಿದ್ದು. ಕೈಯಲ್ಲಿ ಬಟ್ಟೆಯ ಚೀಲ. ಯೋಗೇಶ ಫೋನ್ ಮಾಡಿ ಕರೆದಿದ್ದನಂತೆ. ನೇರ ಮಂಚದ ಹತ್ತಿರ ಹೋಗಿ ಕಟ್ಟಿದ ಕೈಗಳನ್ನು ನೋಡಿದ.

‘ಯಾರವ್ವ ಇದ ಕಟ್ಟಿದ್ದು?’

‘ಬಿದ್ದೋಯ್ತಾನೆ ದೊಡ್ಡಪ್ಪ. ನಾಲ್ಕಾಯ್ತಿದ್ದಂಗೆ ಬದ್ಲಿ ಎಲ್ಲಿ, ಬದ್ಲಿ ಎಲ್ಲಿ ಅಂತ ಏಳ್ತಾನೆ. ನಾ ನೋಡ್ಕೋತೀನಿ ಮಲ್ಕೊ ಅಂದ್ರೆ ನನ್ನೇ ಓಡುಸ್ತಾನೆ.’

ದೊಡ್ಡಪ್ಪ ನನ್ನ ಕಡೆ ತಿರುಗಿದ. ‘ಅಂಗಂದ್ಯಾ? ನಾ ನೋಡ್ಕೋತೀನಿ ಅಂತ?’

‘ದಿನಾ ಅಂತೀನಿ.’

‘ಅಯ್ಯೋ ಮಗ’ ಎಂದ. ನರ್ಸ್‌ನ ಕೇಳಿ ಗಂಟು ಬಿಚ್ಚಿದ. ಸ್ಟೂಲ್ ಎಳೆದುಕೊಂಡು ಕೂತು ಗಡಿಯಾರ ನೋಡುತ್ತಿದ್ದ. ನಾಲ್ಕಕ್ಕೆ ಸರಿಯಾಗಿ ಎದ್ದು ನಿಂತ. ಗೂನುಬೆನ್ನನ್ನು ಎಷ್ಟು ಆಗುತ್ತದೋ ಅಷ್ಟು ನೆಟ್ಟಗೆ ಮಾಡಿದ.

‘ಲೇ ಬೋರ.’

‘ಯಾರ್ಲಾ ಅದು?’

‘ಮಳವಳ್ಳಿಯವ್ನು ಕಣ್ಲಾ. ಬದ್ಲಿಗೆ ಬಂದಿದೀನಿ.’

ಅಪ್ಪನ ಕೈ ಗಾಳಿಯಲ್ಲಿ ಆಡಿತು. ‘ಬ್ಯಾಡ ಕಣ್ಲಾ ಓಗು. ಸತ್ತೋಯ್ತೀಯ.’

‘ಆವತ್ತೂ ಇದ್ನೇ ಅಂದೆ. ಸತ್ನಾ? ಈಗ ನಾಲ್ಕು ಗಂಟೆ. ಆರಕ್ಕೆ ಬಂದು ಮುಕ ತೋರುಸ್ತೀನಿ. ತೋರುಸ್ದಿದ್ರೆ ಆಮ್ಯಾಕೆ ಕೇಳು.’

‘ಆರಕ್ಕೆ?’

‘ಆರಕ್ಕೆ.’

ಅಪ್ಪ ತಲೆದಿಂಬಿಗೆ ಒರಗಿದ. ಎರಡು ನಿಮಿಷಕ್ಕೆ ಗೊರಕೆ ಬಂತು. ಎಂಟು ದಿನದಲ್ಲಿ ಮೊದಲ ಸಲ.

ದೊಡ್ಡಪ್ಪ ಕಾರಿಡಾರಿನ ಕಿಟಕಿಗೆ ಹೋಗಿ ನಿಂತ. ಕೂರು ಅಂದರೆ, ಪಾಳಿಯಲ್ಲಿ ಕೂರುವ ಹಾಗಿಲ್ಲ ಅಂದ. ಕೆಳಗೆ ರಸ್ತೆಯಲ್ಲಿ ಆಟೋಗಳು, ಎಳನೀರು ಗಾಡಿ, ಮೆಡಿಕಲ್ಸ್ ಅಂಗಡಿಯ ಮುಂದೆ ಜನ. ಅದನ್ನೇ ನೋಡುತ್ತಾ ನನಗೆ ಹೇಳಿದ. ಅಪ್ಪ ಯಾವತ್ತೂ ಹೇಳದೆ ಇದ್ದದ್ದು ಇದು.

ಅವತ್ತು ಅಪ್ಪ ಹಡಗಿನ ಒಂದು ಪಕ್ಕದಲ್ಲಿ ಸಮುದ್ರ ಕಾಯುವ ಡ್ಯೂಟಿಯಲ್ಲಿದ್ದ. ನಾಲ್ಕು ಗಂಟೆಗೆ, ಆರರವರೆಗಿನ ಪಾಳಿಗೆ, ಬದಲಿಯವನು ಬಂದ, ಅಪ್ಪನ ಗೆಳೆಯನೇ. ‘ನಾನು ನೋಡ್ಕೋತೀನಿ, ನೀನು ಹೋಗಿ ಟೀ ಕುಡಿ’ ಎಂದ. ಅಪ್ಪ ಹಡಗಿನ ಇನ್ನೊಂದು ಪಕ್ಕಕ್ಕೆ ಬಂದು ಮಗ್ ಕೈಗೆ ತೆಗೆದುಕೊಂಡ. ಶತ್ರುವಿನ ಏಟು ಬಿದ್ದದ್ದು ಬದಲಿಯವನು ನಿಂತಿದ್ದ ಕಡೆಗೆ.

‘ನಮ್ ಹಡಗಿಗೆ ಎತ್ತಾಕಂಡ್ ಮ್ಯಾಲೆ ನಿಮ್ಮಪ್ಪ ಒಳೀಕೇ ಬರ್ನಿಲ್ಲ ಕಣವ್ವ. ಎಣ್ಣೆ ಮೈಯಲ್ಲೇ ಕಂಬಿ ಇಡ್ಕಂಡು ನೀರ ನೋಡ್ತಾ ನಿಂತ್ಬುಟ್ಟ. ಎಳ್ಕಂಡ್ ಓಗಾನಾ ಅಂದ್ರೆ ಕಚ್ಚಿದ. ನಾ ನೋಡ್ಕೋತೀನಿ ಓಗು ಅಂತ ನಮ್ಮೋನೊಬ್ಬ ಅಂದ. ಅದೇ ಮಾತು. ಅದ ಕೇಳಿ ನಡುಗಕ್ಕೆ ಸುರು ಮಾಡ್ದ. ಆ ಮಾತಂದೋನು ತಿರುಗ ಬರ್ನಿಲ್ವಲ್ಲ ಅವ್ನಿಗೆ.’

‘ನೀನೇನ್ ಮಾಡ್ದೆ?’

‘ಈಗ ಮಾಡುದ್ನಲ್ಲ, ಅದ್ನೇ. ಮುಕ ತೋರುಸ್ತೀನಿ ಅಂದೆ. ತೋರುಸ್ದೆ. ಕೈಯಿಂದ ಮುಟ್ ನೋಡ್ದ. ಆಮ್ಯಾಕೆ ಇನ್ನೊಬ್ಬ ಪಾಳಿಗೋದ, ಅವ್ನೂ ಮುಗುಸ್ಕಂಡು ಬಂದು ತೋರುಸ್ದ. ದಡ ಸೇರೋಗಂಟ ಎಲ್ಡು ದಿನ, ನಮ್ ಹಡಗಿನೋರ್ಗೆಲ್ಲ ಅದೇ ರೂಢಿ ಆಗೋಯ್ತು. ಪಾಳಿ ಮುಗೀತಾ, ಓಗಿ ಬೋರಂಗೆ ಮುಕ ತೋರ್ಸು. ಅವ್ನೊಬ್ಬಂಗೇ ಅಂತಲ್ಲ, ಎತ್ಕಂಡಿದ್ ಜನುಕ್ಕೆಲ್ಲ ಅಂಗೇ ಆಗಿತ್ತು. ನಮ್ ಆಫೀಸ್ರೂ ಬಂದು ತೋರುಸ್ದ್ರು.’

ಆ ಎರಡು ದಿನ ದೊಡ್ಡಪ್ಪನ ಹಡಗಿನವರು ನೀರಿನಿಂದ ಎತ್ತಿದವರಿಗೆ ತಮ್ಮ ಮಲಗುವ ಜಾಗ ಕೊಟ್ಟು ತಾವು ನೆಲದ ಮೇಲೆ ಮಲಗಿದರಂತೆ. ಇಬ್ಬರಿಗೆ ಒಂದು ಮಗ್, ಹತ್ತು ಜನಕ್ಕೆ ಒಂದು ರೇಜರ್. ಸುಮ್ಮನೆ ಕೂತು ಉಣ್ಣಲಾರದೆ ಉಳಿದು ಬಂದವರು ಅಡುಗೆಮನೆಗೆ ನುಗ್ಗಿ ಆಲೂಗಡ್ಡೆ ಸುಲಿಯುತ್ತಿದ್ದರಂತೆ. ಯಾರು ಯಾವ ಹಡಗಿನವರು ಎಂದು ಎರಡನೆಯ ದಿನಕ್ಕೆ ಗುರುತೇ ಹತ್ತುತ್ತಿರಲಿಲ್ಲ, ಬಟ್ಟೆಯೆಲ್ಲ ಅದಲುಬದಲಾಗಿತ್ತು ಅಂದ ದೊಡ್ಡಪ್ಪ.

‘ನೀ ಬ್ಯಾಡ, ಓಗು’ ಎಂದು ಅಪ್ಪ ನನ್ನನ್ನು ದೂರ ಮಾಡಿದ್ದಲ್ಲ. ನಾನು ಸಾಯುತ್ತೇನೆ ಎಂದು ಹೆದರಿದ್ದ. ಎಂಟು ದಿನ, ದಿನಕ್ಕೆ ಹತ್ತು ಸಲ, ಅವನನ್ನು ಅತಿ ಹೆಚ್ಚು ಹೆದರಿಸುವ ಮಾತನ್ನೇ ಹುಡುಕಿ ಹುಡುಕಿ ಹೇಳಿದ್ದೆ.

‘ದೊಡ್ಡಪ್ಪ, ಅಪ್ಪ ಜಾರಿ ಬೀಳ್ಲಿಲ್ಲ. ನಾನು ನೋಡ್ದೇನೇ ರೈಟ್ ಅಂದ್ಬುಟ್ಟೆ.’

ದೊಡ್ಡಪ್ಪ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ‘ಅಂದೆ. ಸರಿ. ಅದ್ಕೀಗ ನೀನೂ ನಿದ್ದೆ ಬುಟ್ಟು ಕೂರ್ತೀಯಾ? ನಿಮ್ಮಪ್ಪ ಒಂದ್ ಆಯುಸ್ಸೆಲ್ಲ ಬುಟ್ಟ. ಏನ್ ಬಂತು?’

ಆರು ಗಂಟೆಗೆ ಹೋಗಿ ಅಪ್ಪನನ್ನು ಎಬ್ಬಿಸಿದ. ‘ಲೇ, ಮುಕ ನೋಡು.’ ಅಪ್ಪ ಎರಡು ಕೈಯಿಂದ ಆ ಮುಖವನ್ನು ತಡವಿದ, ಮೂಗು, ಕೆನ್ನೆ, ನರೆತ ಮೀಸೆ. ‘ಊಂ’ ಎಂದ. ಆಮೇಲೆ ಹಸಿವು ಅಂದ. ದೊಡ್ಡಪ್ಪ ಚೀಲದಿಂದ ಡಬ್ಬಿ ತೆಗೆದ. ಒಳಗೆ ಮುದ್ದೆ, ಅವರೆಕಾಳಿನ ಸಾರು. ನರ್ಸ್ ನೋಡಿಯೂ ನೋಡದ ಹಾಗೆ ಹೋದಳು.

ದೊಡ್ಡಪ್ಪ ಐದು ದಿನ ಇದ್ದ. ಮಂಚದ ಪಕ್ಕ ನೆಲದ ಮೇಲೆ ಚಾಪೆ. ನಮ್ಮ ನೆಂಟರ ಮನೆಗೆ ಹೋಗಿ ಮಲಗು ಎಂದು ಯೋಗೇಶ ಎಷ್ಟು ಹೇಳಿದರೂ ಕೇಳಲಿಲ್ಲ. ‘ಅವ್ನು ಮಂಚದ್ ಮ್ಯಾಲೆ, ನಾ ನೆಲದ್ ಮ್ಯಾಲೆ. ನಮಗೇನ್ ಹೊಸ್ದಾ?’ ಅಂದ. ಹನ್ನೆರಡನೆಯ ದಿನ ಅಪ್ಪ ಮಂಚದ ಅಂಚಿಗೆ ಕೂತ. ಹದಿಮೂರನೆಯ ದಿನ ವಾಕರ್ ಹಿಡಿದು ನಿಂತ. ಅದರ ಮಾರನೆಯ ದಿನ ಕಾರಿಡಾರಿನ ಕೊನೆಯಲ್ಲಿ ದೊಡ್ಡಪ್ಪ ಹೋಗಿ ನಿಂತುಕೊಂಡ. ಅಪ್ಪ ಅವನನ್ನು ಅಮ್ಮ ಅಕ್ಕ ಎಂದು ಬೈಯುತ್ತಾ ಅಲ್ಲಿವರೆಗೂ ನಡೆದ. ಫಿಸಿಯೋದವರು ಬೈಗುಳಕ್ಕೆ ಮುಖ ಕೆಂಪಗೆ ಮಾಡಿಕೊಂಡರು. ಡಾಕ್ಟರ್ ಮಾತ್ರ ನಕ್ಕರು.

ಔಷಧಿಯ ಪಾಲು ಎಷ್ಟು, ದೊಡ್ಡಪ್ಪನ ಪಾಲು ಎಷ್ಟು, ನನಗೆ ತಿಳಿಯದು. ಸೋಡಿಯಂ ಸರಿಹೋದದ್ದೂ ಅದೇ ದಿನಗಳಲ್ಲಿ. ಕೇಳಿದರೆ ಡಾಕ್ಟರ್, ‘ಎರಡೂ ಅಂದ್ಕೊಳ್ಳಿ’ ಅಂದರು.

ಡಿಸ್ಚಾರ್ಜ್ ದಿನ ಡ್ರೈವರ್ ಆ ಕವರ್ ತಂದುಕೊಟ್ಟ. ಅಪ್ಪ ಅದನ್ನು ದೊಡ್ಡಪ್ಪನ ಕೈಗಿಟ್ಟು, ‘ತಾರೀಕು ದಾಟೋಯ್ತು ಕಣ್ಲಾ’ ಎಂದು ತಲೆ ತಗ್ಗಿಸಿದ. ದೊಡ್ಡಪ್ಪ ಅಲ್ಲೇ ಬಾಗಿಲ ಮರೆಯಲ್ಲಿ ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿಕೊಂಡ. ತೋಳು ಉದ್ದವಾಗಿತ್ತು. ಒಂದು ವರ್ಷದಲ್ಲಿ ಅವನೂ ಇಳಿದುಹೋಗಿದ್ದಾನೆ. ಅದನ್ನು ಅಪ್ಪನೂ ನೋಡಿದ.

ಈಗ ಮದ್ದೂರಿನ ಮನೆಯಲ್ಲಿದ್ದೇವೆ. ನಾನು ಇನ್ನೂ ರಜೆಯ ಮೇಲೆ. ಬೆಳಗ್ಗೆಯೆಲ್ಲ ಅಪ್ಪ ಸರಿಯಾಗಿರುತ್ತಾನೆ, ಪೇಪರ್ ಓದುತ್ತಾನೆ, ಸಾರಿಗೆ ಉಪ್ಪು ಎನ್ನುತ್ತಾನೆ. ಮೂರೂವರೆಯಾಗುತ್ತಲೇ ಕೈಬೆರಳು ಆಡತೊಡಗುತ್ತವೆ. ಆಗ ನಾನು ಎದುರು ನಿಂತು ಹೇಳಬೇಕು. ‘ಬದ್ಲಿಗೆ ಬಂದಿದೀನಿ ಅಪ್ಪ. ನಾಲ್ಕು ಗಂಟೆ. ಆರಕ್ಕೆ ಮುಖ ತೋರಿಸ್ತೀನಿ.’ ಒಂದು ದಿನ ಗ್ಯಾಸ್ ಸಿಲಿಂಡರಿನವನ ಜೊತೆ ಜಗಳಕ್ಕೆ ನಿಂತು ಆರಕ್ಕೆ ಮುಖ ತೋರಿಸುವುದು ಕಾಲು ಗಂಟೆ ತಡವಾಯಿತು. ಅಷ್ಟರಲ್ಲಿ ಅಪ್ಪ ವಾಕರ್ ಹಿಡಿದು ಗೇಟಿನವರೆಗೆ ಬಂದು ನಿಂತಿದ್ದ, ಬೆವರಿ. ಅವತ್ತಿನಿಂದ ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದೇನೆ. ಇದು ಪೂರ್ತಿ ಹೋಗುತ್ತದೆಂದು ಡಾಕ್ಟರ್ ಮಾತು ಕೊಟ್ಟಿಲ್ಲ. ಇನ್ನೊಮ್ಮೆ ಬಿದ್ದರೆ ಏನು ಎಂದು ನಾನೂ ಕೇಳಿಲ್ಲ. ಅಪ್ಪ ನಡೆಯುತ್ತಿದ್ದಾನೆ, ಉಣ್ಣುತ್ತಿದ್ದಾನೆ. ಸದ್ಯಕ್ಕೆ ಇಷ್ಟನ್ನು ಹಿಡಿದುಕೊಂಡಿದ್ದೇನೆ.

ಹೋದ ಗುರುವಾರ ನಾಲ್ಕಕ್ಕೆ ಎಂದಿನ ಹಾಗೆ ಎದುರು ನಿಂತೆ. ಅಪ್ಪನ ಬೆರಳು ಆಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ.

‘ನಿಂಗ್ಯಾರವ್ವ ಬದ್ಲಿ?’

‘ಭಾನುವಾರ ಯೋಗೇಶ ಬತ್ತಾನಲ್ಲಪ್ಪ.’

‘ಇವತ್ತು ಗುರುವಾರ.’ ವಾಕರ್ ಎಳೆದುಕೊಂಡು ಎದ್ದು, ಕಿಟಕಿಯ ಹತ್ತಿರದ ಕುರ್ಚಿಗೆ ಹೋಗಿ ಕೂತ. ‘ನಾ ನಿಂತ್ಕೊಳಕ್ಕಾಗಕಿಲ್ಲ, ಕೂತ್ಕೋತೀನಿ. ನೀ ಓಗಿ ಮಲ್ಕೊ.’

ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನ್ನಿಸಿತು. ‘ಅಪ್ಪ, ಅವತ್ತು ರೈಟ್ ಅಂದಿದ್ದು ನಾನು.’

‘ಕಂಡಕ್ಟ್ರು ನೀನಲ್ವಾ? ಇನ್ಯಾರ್ ಅಂದಾರು?’ ಕಿಟಕಿಯಾಚೆ ರಸ್ತೆ ನೋಡುತ್ತಲೇ ಹೇಳಿದ. ‘ಓಗು. ಆರಕ್ಕೆ ಬಂದು ಮುಕ ತೋರ್ಸು.’

ಅಪ್ಪನ ಮಂಚದ ಮೇಲೇ ಮಲಗಿದೆ. ಅಲಾರಂ ಹೊಡೆದದ್ದೂ ಕೇಳಿಸಲಿಲ್ಲ. ಎದ್ದಾಗ ಆರು ದಾಟಿತ್ತು, ಕೂದಲು ಕೆದರಿಕೊಂಡೇ ಓಡಿದೆ. ಅಪ್ಪ ಕುರ್ಚಿಯಲ್ಲೇ ಇದ್ದ, ಕಣ್ಣು ರಸ್ತೆಯ ಮೇಲೆ. ಬಗ್ಗಿ ಅವನ ಎದುರು ಮುಖ ಹಿಡಿದೆ. ಒರಟು ಅಂಗೈಯಿಂದ ನನ್ನ ಹಣೆ, ಕಣ್ಣು, ಕೆನ್ನೆ ಎಲ್ಲ ತಡವಿ ನೋಡಿದ.

‘ಅತ್ ನಿಮ್ಸ ತಡ ಕಣವ್ವ’ ಅಂದ. ‘ಊಂ. ಬಂದ್ಯಲ್ಲ.’